ಇಪ್ಪತ್ತೇಳನೆಯದು

ಬೀಳಿಸುವುದು ನನ್ನ ಕೆಲಸ. ಸಂಬಳ ಬರುವುದು ಅದಕ್ಕೇ.
ಶಾರ್ಜಾದ ಹತ್ತನೇ ಇಂಡಸ್ಟ್ರಿಯಲ್ ಏರಿಯಾ, ಟೈರು ಗೋದಾಮಿನ ಹಿಂದೆ
ಎಸಿ ಕೊರೆಯುವ ಒಂದು ಕೋಣೆ; ನೆಲಕ್ಕೆ ಉಕ್ಕಿನ ಹಲಗೆ,
ಗೋಡೆಯ ಮೇಲೆ ನಾಲ್ಕಡಿಯ ಗುರುತು:
ಸೊಂಟಕ್ಕಿಂತ ಮೇಲೆ, ಎದೆಗಿಂತ ಕೆಳಗೆ,
ಮನುಷ್ಯನ ಕೈಯಿಂದ ವಸ್ತು ಜಾರುವ ಎತ್ತರ.

ಗ್ಯಾಸು ಸೋರಿದರೆ ಕಿರುಚುವ ಪುಟ್ಟ ಪೆಟ್ಟಿಗೆ,
ರಿಫೈನರಿಯವರು ಬೆಲ್ಟಿಗೆ ಸಿಕ್ಕಿಸಿಕೊಳ್ಳುವಂಥದು.
ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ.
ಇಪ್ಪತ್ತಾರು ಸಲ ಬೀಳಬೇಕು, ಬಿದ್ದೂ ಕಿರುಚಬೇಕು.

ಮುಖ ಅಡಿಯಾಗಿ ಬಿದ್ದರೆ ಚಪ್ಪಾಳೆಯ ಸದ್ದು.
ಮೂಲೆಯದು ಬೇರೆ. ಇಡೀ ಭಾರ
ಒಂದು ಸಾಸಿವೆಯಷ್ಟು ಜಾಗಕ್ಕೆ ಬಂದು ನಿಲ್ಲುತ್ತದೆ.
ಹೊರಗೆ ಏನೂ ಆಗಿರುವುದಿಲ್ಲ; ಒಳಗೆ
ಬೆಸುಗೆಯ ಒಂದು ಚುಕ್ಕೆ ಬಿರುಕು ಬಿಟ್ಟಿರುತ್ತದೆ,
ಮೂರು ದಿನ ಸುಮ್ಮನಿದ್ದು ನಾಲ್ಕನೇ ದಿನ ಸಾಯುತ್ತದೆ.

ಆದ್ದರಿಂದ ಮೂಲೆಗಳಿಗೆ ದಪ್ಪ ರಬ್ಬರು ತೊಡಿಸಿದೆ,
ಬ್ಯಾಟರಿಯನ್ನು ಸ್ಪಂಜಿನ ತೊಟ್ಟಿಲಲ್ಲಿ ಮಲಗಿಸಿದೆ,
ಗಾಜನ್ನು ಅಂಚಿಗಿಂತ ಒಂದು ಕೂದಲು ಒಳಕ್ಕೆ ಸರಿಸಿದೆ.
ಆಗಸ್ಟಿನ ಬಿಸಿಲಿಗೆ ರಬ್ಬರು ಜಿನುಗಿ ಅಂಟಾಯಿತು.
ಬೇರೆ ರಬ್ಬರು. ಅದು ಚಳಿಯ ಪೆಟ್ಟಿಗೆಯಲ್ಲಿ ಗಾಜಾಯಿತು. ಇನ್ನೊಂದು.
ಮನೆಯಲ್ಲಿ ಲೋಟ ಜಾರಿದರೂ ಮೊದಲು ಕಿವಿಗೊಡುತ್ತೇನೆ,
ಅಂಚೋ ಮೂಲೆಯೋ ಎಂದು;
ಒರೆಸುವ ಬಟ್ಟೆ ತರುವುದು ಗಂಡ.

ಪೆಟ್ಟನ್ನು ತಡೆಯಲಾಗದು, ಹಿಗ್ಗಿಸಬಹುದು ಅಷ್ಟೆ.
ಒಂದು ಕ್ಷಣದ್ದನ್ನು ನಾಲ್ಕಕ್ಕೆ ಹಂಚಿದರೆ
ಗ್ರಾಫಿನ ಸೂಜಿ ದಿಬ್ಬವಾಗುತ್ತದೆ.
ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ, ಎಂದೆ ಹೊಸಬ ಶಿಬಿನ್‌ಗೆ.
ನಕ್ಕ. ಅವನಿಗೂ ಕಂತುಗಳಿವೆ.

ರುವೈಸಿನಿಂದ ಒಂದು ಪೆಟ್ಟಿಗೆ ವಾಪಸು ಬಂತು.
ಚೀಟಿಯಲ್ಲಿ ಎರಡೇ ಮಾತು: ಬಿದ್ದಿದೆ, ಪರೀಕ್ಷಿಸಿ.
ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೀರಿಲ್ಲ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಅಂದೆ ಕನ್ನಡದಲ್ಲೇ.
ಶಿಬಿನ್ ಅರ್ಥ ಕೇಳಿದ, ಹೇಳಿದೆ, ಇಬ್ಬರೂ ನಕ್ಕೆವು.

ಒಳಗಿನ ಚಿಪ್ಪು ಎಲ್ಲವನ್ನೂ ಬರೆದಿಡುತ್ತದೆ. ತಂತಿ ಸಿಕ್ಕಿಸಿದೆ.
ಬೆಳಿಗ್ಗೆ ಹತ್ತು ನಲವತ್ತು. ನಡಿಗೆ, ನಡಿಗೆ, ಏಣಿ,
ಆಮೇಲೆ ಸೊನ್ನೆ. ತೂಕವೇ ಇಲ್ಲದ ಗೆರೆ
ಒಂದು ಸೆಕೆಂಡು, ಇನ್ನೂ ಚೂರು.
ನಾಲ್ಕಡಿಯಲ್ಲ ಇದು, ಇಪ್ಪತ್ತಡಿ.
ಕೊನೆಗೆ ಇರಬೇಕಾದ ಸೂಜಿ ಇರಲಿಲ್ಲ.
ಇದ್ದದ್ದು ದಿಬ್ಬ. ತಗ್ಗಾಗಿ, ಅಗಲವಾಗಿ,
ನನ್ನ ಯಾವ ರಬ್ಬರೂ ಬರೆಯದ ದಿಬ್ಬ.

ಇಷ್ಟು ಮೆತ್ತಗೆ ನಿಲ್ಲಿಸಿದ್ದು ಏನು?
ಮರಳೆ? ಅಲ್ಲಿರುವುದು ಕಾಂಕ್ರೀಟು.
ಹಗ್ಗದ ಸುರುಳಿ ಇರಬಹುದೆ, ಎಂದ ಶಿಬಿನ್.
ಆಗ ಕ್ಲಿಪ್ಪು ನೋಡಿದೆ. ಅದು ಬಿಚ್ಚಿಕೊಂಡಿರಲೇ ಇಲ್ಲ.
ಬೆಲ್ಟಿನ ತುಂಡೊಂದು ಇನ್ನೂ ಅದರ ಬಾಯಲ್ಲಿತ್ತು,
ಎರಡೂ ಕಡೆ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು.

ಸೈಟಿಗೆ ಫೋನು ಹಚ್ಚಿದೆ. ಹೆಸರು ರಾಮಸಜೀವನ್, ಅಟ್ಟಣಿಗೆ ಕಟ್ಟುವವನು,
ಸೊಂಟದ ಮೂಳೆ ಮೂರು ಕಡೆ, ಬದುಕಿದ್ದಾನೆ.
ವಾರದ ಮೇಲೆ ಆಸ್ಪತ್ರೆಯಿಂದ ಅವನೇ ಮಾತಾಡಿದ,
ತಡೆತಡೆದು, ಮಾತಿನ ನಡುವೆ ಉಸಿರು ಹಿಡಿದು:
ಮ್ಯಾಡಮ್, ಮೆಶೀನು ನಡೆಯುತ್ತಾ?
ನಡೆಯುತ್ತೆ.
ಗೀರುಗೀರು ಏನಾದರೂ?
ಇಲ್ಲ.
ಹಾಗಾದರೆ ಸಂಬಳದಲ್ಲಿ ಹಿಡಿಯಲ್ಲ ಅಲ್ವಾ,
ಅದನ್ನೊಂದು ಬರೆದು ಕಳಿಸಿ.

ಬರೆದೆ. ಕಂಪನಿಯ ಕಾಗದ, ಸೀಲು, ಸಹಿ.
ಫಲಿತಾಂಶ: ಪಾಸು.
ಯಾವುದರ ಮೇಲೆ ಬಿತ್ತು ಎಂಬ ಕಾಲಮ್ಮಿನಲ್ಲಿ
ಆರಿಸಲು ಇರುವುದು ಎರಡೇ,
ಉಕ್ಕು, ಕಾಂಕ್ರೀಟು.
ಕರ್ಸರು ಅಲ್ಲೇ ಮಿಟುಕುತ್ತಿತ್ತು.
ಪಕ್ಕದ ಗೋದಾಮಿನಲ್ಲಿ ಯಾರೋ ಲಾರಿಯಿಂದ ಟೈರು ಎಸೆಯುತ್ತಿದ್ದರು,
ಅವು ಬಿದ್ದು, ಪುಟಿದು, ಮತ್ತೆ ಬೀಳುವ ಸದ್ದು.